ಹಾಲುಹಲ್ಲು ಬಿದ್ದ ಊರು

ಹೊಳಿಯಪ್ಪ ನಮ್ಮೂರಿಗೆ ಬಂದದ್ದು ಐವತ್ತೈದನೆಯ ಇಸವಿಯಲ್ಲಿ, ಹಿಂಗಾರಿ ಜೋಳದ ಬಿತ್ತನೆ ಮುಗಿದ ಹೊತ್ತಿಗೆ. ನರೇಗಲ್ಲಿನ ಸಂತೆಯಿಂದ ತಿರುಗಿ ಬರುತ್ತಿದ್ದ ಚಕ್ಕಡಿಯಲ್ಲಿ ಕಟ್ಟಿಗೆಯ ಒಂದು ಪೆಟ್ಟಿಗೆ ಇಟ್ಟು, ತಾನು ಅದರ ಹಿಂದೆ ನಡೆದೇ ಬಂದ. ಪೆಟ್ಟಿಗೆ ಇಳಿಸುವಾಗ ಒಳಗೆ ಬಾಟ್ಲಿಗಳ ಸಪ್ಪಳವಾಯಿತು. ಆಗ ನಮ್ಮದು ಮುಂಬಯಿ ಸರಕಾರ, ಸಾರಾಯಿ ಬಂದಾಗಿತ್ತು. ಸಪ್ಪಳ ಕೇಳಿದ್ದೇ ತಡ, ಬಂದವನು ಸಾರಾಯಿ ಹಿಡಿಯುವ ಅಮಲ್ದಾರನೇ ಇರಬೇಕೆಂದು ಊರಿನ ಇಬ್ಬರು ಹೊಲದ ಕಡೆ ಹೋದವರು ಎರಡು ದಿನ ಮನೆಗೆ ಬರಲಿಲ್ಲ. ಇನ್ನು ಮೂವರು ಸಂಜೆಗೆ ಅವನ ಬಾಗಿಲ ಮುಂದೆ ನಿಂತು, ಏನಾದರೂ ಸಿಗಬಹುದೇ ಎಂದು ಮೆಲ್ಲಗೆ ಕೇಳಿದರು. ಎಲ್ಲ ಖಾಲಿ ಬಾಟ್ಲಿ, ನಿಮ್ಮೂರ ನೀರು ತುಂಬಿಕೊಂಡು ಹೋಗಲು ತಂದದ್ದು ಎಂದು ಅವನು ಹೇಳಿದ. ಅವತ್ತಿನಿಂದ ಅವನ ಹೆಸರು ಬಾಟ್ಲಿ ಮಾಸ್ತರ ಎಂದಾಯಿತು.

ನಮ್ಮೂರಿನ ಹೆಸರು ಬರೆಯುವುದಿಲ್ಲ. ಅಲ್ಲಿಂದ ಇನ್ನೂ ಹೆಣ್ಣು ಕೊಡಬೇಕು, ಅಲ್ಲಿಗೆ ಹೆಣ್ಣು ತರಬೇಕು. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಬೇಕು ಎಂದರೆ ಸಾಕು. ಊರಿಗೆಲ್ಲ ಒಂದೇ ದೊಡ್ಡ ಬಾವಿ. ನೀರು ತಿಳಿ, ರುಚಿಗೂ ಚಲೋ. ಆದರೆ ನಮ್ಮೂರ ಮಕ್ಕಳು ನಕ್ಕರೆ ಬೆಲ್ಲದ ಬಣ್ಣದ ಗೆರೆ ಹಲ್ಲಿನ ಮೇಲೆ ಅಡ್ಡ ಕಾಣುತ್ತಿತ್ತು. ನಲವತ್ತು ದಾಟಿದ ಗಂಡಸರಿಗೆ ಬೆನ್ನು ಕಟ್ಟಿಗೆಯಂತಾಗಿ, ಬಿದ್ದ ರುಮಾಲು ಎತ್ತಿಕೊಳ್ಳಲು ಕುಳಿತೇ ಎತ್ತಬೇಕಿತ್ತು. ಕನ್ಯೆ ನೋಡಲು ಬಂದವರ ಮುಂದೆ ನಮ್ಮ ಹುಡುಗಿಯರು ಬಾಯಿ ಮುಚ್ಚಿಕೊಂಡು ಕೂಡುತ್ತಿದ್ದರು. ಭಾಳ ಮರ್ಯಾದೆಯ ಹುಡುಗಿ ಎಂದು ಬೀಗರು ಮೆಚ್ಚಿ ಹೋದದ್ದೂ ಉಂಟು.

ಈ ಹಲ್ಲು, ಈ ಬೆನ್ನು ಯಾಕೆ ಹೀಗೆ ಎಂದು ನೋಡಲು ಹೊಳಿಯಪ್ಪನನ್ನು ಕಳಿಸಿದ್ದು ಒಂದು ವಿಶ್ವವಿದ್ಯಾಲಯ. ಅಲ್ಲಿ ನೀರು, ಗಾಳಿ, ಮಣ್ಣಿನಿಂದ ಜನರ ಆರೋಗ್ಯಕ್ಕೆ ಏನಾಗುತ್ತದೆ ಎಂದು ಶೋಧಿಸುವ ಒಂದು ಕೇಂದ್ರ ಇತ್ತಂತೆ. ಎಂಟು ಜನ ಪ್ರೊಫೆಸರರು ಅದರ ಸದಸ್ಯರು. ಒಬ್ಬರು ನಿವೃತ್ತರಾಗಲಿದ್ದರು. ಆ ಜಾಗಕ್ಕೆ ಹೊಳಿಯಪ್ಪನನ್ನು ತೆಗೆದುಕೊಳ್ಳಬಹುದು ಎಂದು ಕೇಂದ್ರದ ಮುಖ್ಯಸ್ಥರಾಗಿದ್ದ ಹಿರಿಯರೊಬ್ಬರು ಮಾತು ಕೊಟ್ಟಿದ್ದರು. ಈಗ ಅವನು ಬರೀ ಹಂಗಾಮಿ ಸಹಾಯಕ. ಸದಸ್ಯನಾದರೆ ತಾನೇ ಪಾಠ ಹೇಳಬಹುದು, ಯಾವ ಊರಿನ ಯಾವ ನೀರು ನೋಡಬೇಕೆಂದು ತಾನೇ ಗೊತ್ತುಪಡಿಸಬಹುದು. ಆಗದಿದ್ದರೆ ಇನ್ನೊಬ್ಬರು ಹೇಳಿದಷ್ಟು ವರ್ಷ ಬಾಟ್ಲಿ ಹೊರಬೇಕು, ಬೇಡವೆಂದ ದಿನ ಊರಿಗೆ ಹೋಗಬೇಕು.

ಅವನ ಊರು ಹೊಳೆಮಣ್ಣೂರು. ಹೊಳೆ ಉಕ್ಕಿ ಗುಡಿಸಲಿಗೆ ನೀರು ನುಗ್ಗಿದ ವಾರ ಹುಟ್ಟಿದ್ದಕ್ಕೆ ಆ ಹೆಸರು. ಅವ್ವ ಮಾನವ್ವ ಕಂಡವರ ಹೊಲದಲ್ಲಿ ಕಳೆ ತೆಗೆದು ಅವನನ್ನು ನರೇಗಲ್ಲಿನ ಸಾಲೆಗೆ ಹಾಕಿದಳು. ಅಲ್ಲಿಂದ ಮುಂದೆ ಪುಕ್ಕಟೆ ಊಟದ ವಸತಿಗೃಹಗಳಲ್ಲಿದ್ದು, ರಸಾಯನಶಾಸ್ತ್ರ ಓದಿ ಕಾಲೇಜು ಮುಗಿಸಿದ. ಅವರ ಓಣಿಯಲ್ಲಿ ಅಷ್ಟು ಓದಿದವನು ಅವನೊಬ್ಬನೇ.

ನಮ್ಮ ಮನೆಯವರು, ನನ್ನ ಗಂಡ ಅಜ್ಜಪ್ಪ, ಕೊಟ್ಟಿಗೆಯ ಮಗ್ಗುಲಿನ ಕೋಣೆ ಬಿಟ್ಟುಕೊಟ್ಟರು. ಅವನು ಆ ಕೋಣೆಯಲ್ಲಿ ಕುಳಿತದ್ದನ್ನು ನಾನು ಕಂಡದ್ದು ಕಡಿಮೆ. ನಿಂತೇ ಬರೆಯುತ್ತಿದ್ದ, ರೊಟ್ಟಿ ಕೈಯಲ್ಲಿ ಹಿಡಿದು ಅಂಗಳದಲ್ಲಿ ತಿರುಗುತ್ತ ಉಣ್ಣುತ್ತಿದ್ದ. ಮಾತಾಡುವಾಗಲೂ ಅಂಗಿಯ ಗುಂಡಿ ಬಿಚ್ಚುವುದು, ಹಾಕುವುದು. ಗುಂಡಿ ಹರಿದಾಗೆಲ್ಲ ನಾನೇ ಹಚ್ಚಿಕೊಡುತ್ತಿದ್ದೆ. ಯಾಕಪ್ಪ ಹೀಗೆ ಎಂದರೆ, ಕಾಲೊಳಗೆ ಇರುವೆ ಹರಿದಾಡಿದಂತೆ ಆಗುತ್ತದೆ ಎನ್ನುತ್ತಿದ್ದ.

ಕೆಲಸ ಇಷ್ಟೇ. ಮನೆಮನೆಗೆ ಹೋಗಿ ಒಬ್ಬೊಬ್ಬರ ಹಲ್ಲು ನೋಡುವುದು, ಬೆನ್ನು ಬಾಗಿಸಿ ನೋಡುವುದು, ಒಬ್ಬೊಬ್ಬರಿಗೆ ಒಂದೊಂದು ಹಾಳೆ ಬರೆಯುವುದು. ಹೆಸರು, ವಯಸ್ಸು, ಹುಟ್ಟಿದ ಊರು, ಕುಡಿಯುವ ನೀರು ಎಂದು ಹಾಳೆಯಲ್ಲಿ ಮೊದಲೇ ಅಚ್ಚಾಗಿತ್ತು. ಹಲ್ಲಿಗೆ ಕರಿ ಹಿಟ್ಟು ತಿಕ್ಕುವ ಮುದುಕಿಯರನ್ನು ಬಿಟ್ಟ, ಉಳಿದವರದೆಲ್ಲ ಬರೆದ. ಮೊದಲಿಗೆ ಹೋದದ್ದು ಕೆಳಗಿನ ಓಣಿಯ ಖಾಜಾಬಿಯ ಮನೆಗೆ. ಅವಳ ಸೊಸೆ ಮುಮತಾಜಬಿಗೆ ಹುಟ್ಟಿದ ಊರು ಯಾವುದೆಂದು ಕೇಳಿದ. ಹುಡುಗಿ ತವರಿನ ನೆನಪಾಗಿ ಸೆರಗು ಕಣ್ಣಿಗೊತ್ತಿಕೊಂಡಳು. ಖಾಜಾಬಿ ಎದ್ದು ಬಂದು, ತವರಿನವರು ಏನು ಹೇಳಿ ಕಳಿಸಿದ್ದಾರೆ, ನನ್ನ ಮೇಲೆ ಚಾಡಿ ಹೇಳಲು ಬಂದೆಯೇನು ಎಂದು ಅವನನ್ನು ಓಣಿಯ ತುದಿಯವರೆಗೆ ಬೈದು ಕಳಿಸಿದಳು. ಆಮೇಲೆ ಅವನು ಯಾವ ಹೆಣ್ಣುಮಗಳಿಗೂ ಆ ಮಾತು ಕೇಳಲಿಲ್ಲ. ಲಗ್ನವಾದವಳಿಗೆ ಗಂಡನ ಊರೇ ಊರು ಎಂದು, ಎಲ್ಲರ ಹಾಳೆಯಲ್ಲೂ ನಮ್ಮೂರಿನ ಹೆಸರು ಬರೆದ. ನಮಗೂ ಅದರಲ್ಲಿ ತಪ್ಪು ಕಾಣುತ್ತಿರಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಹೇಳಿಕೊಂಡೇ ಬೆಳೆದವರು ನಾವು.

ಒಂದೂವರೆ ವರ್ಷ ಹೋಯಿತು. ಅಷ್ಟರಲ್ಲಿ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ್ದೆವು, ಚುನಾವಣೆಯೂ ಬಂತು. ಬಾಟ್ಲಿ ಮಾಸ್ತರ ಮೆಂಬರ್ ಆಗುತ್ತಾನಂತೆ ಎಂಬ ಸುದ್ದಿ ಊರಲ್ಲಿ ಹರಡಿ, ಹಾಲಸಿದ್ದಪ್ಪ ಎಂಬ ಹಿರಿಯ ಬಂದು, ಆರಿಸಿ ಬಂದರೆ ಮೊದಲು ನಮ್ಮ ಹಳ್ಳ ದಾಟಲು ಪೂಲು ಕಟ್ಟಿಸಬೇಕು ಎಂದು ವಚನ ಕೇಳಿದ. ಇದು ಆ ಮೆಂಬರ್‌ಕಿ ಅಲ್ಲವೆಂದು ಎಷ್ಟು ಹೇಳಿದರೂ ನಂಬದೆ, ಇವನೂ ಈಗಲೇ ಮಾತು ತಪ್ಪಿಸುವುದು ಕಲಿತಿದ್ದಾನೆ ಎನ್ನುತ್ತ ಹೋದ.

ಹೊಳಿಯಪ್ಪನಿಗೆ ನಗು ಬರುವ ಕಾಲ ಅದಾಗಿರಲಿಲ್ಲ. ಹಾಳೆಗಳ ಲೆಕ್ಕ ಹೊಂದುತ್ತಿರಲಿಲ್ಲ. ಬಾವಿಯ ನೀರಿನಲ್ಲಿ ಫ್ಲೋರೈಡ್ ಎಂಬ ಒಂದು ಅಂಶ ಹೆಚ್ಚಿದೆ, ಹಲ್ಲು ಕೆಡಿಸುವುದು ಅದೇ ಎಂದು ಅವನ ಮನಸ್ಸು ಹೇಳುತ್ತಿತ್ತು. ಆದರೆ ಒಂದೇ ಬಾವಿಯ ನೀರು, ಒಂದೇ ಮನೆಯ ಊಟ, ಒಬ್ಬರ ಹಲ್ಲು ಬೆಲ್ಲದ ಬಣ್ಣ, ಇನ್ನೊಬ್ಬರದು ಮಲ್ಲಿಗೆಯ ಮೊಗ್ಗು. ಅದೂ ಹೆಂಗಸರಲ್ಲಿ ಅರ್ಧಕ್ಕರ್ಧ ಬಿಳಿ. ಕೇಂದ್ರದ ಹಿರಿಯರು ಹಾಳೆಗಳನ್ನೆಲ್ಲ ನೋಡಿ, ಇಲ್ಲೇ ಹುಟ್ಟಿ ಇದೇ ನೀರು ಕುಡಿದವರಲ್ಲಿ ಇಷ್ಟು ಜನರ ಹಲ್ಲು ಚಲೋ ಇದ್ದಮೇಲೆ ನೀರಿನದೇನೂ ದೋಷವಿಲ್ಲ, ಊಟದಲ್ಲೇ ಏನೋ ಇರಬೇಕು ಎಂದು ಒಂದು ಲೇಖನ ಬರೆದರು. ತಮ್ಮ ಹೆಸರಿನ ಕೆಳಗೆ ಹೊಳಿಯಪ್ಪನ ಹೆಸರನ್ನೂ ಹಾಕಿದರು. ಜೂನ್ ತಿಂಗಳ ಮೊದಲ ಸೋಮವಾರ ಸದಸ್ಯರ ಸಭೆ. ಆ ಲೇಖನ ಓದಿ, ಅದೇ ದಿನ ಇವನನ್ನು ಸದಸ್ಯನೆಂದು ಗೊತ್ತುಮಾಡುವುದು ಎಂದು ಕಾಗದ ಬಂತು.

ಕಾಗದ ಬಂದ ದಿನ ನಾವು ಹೋಳಿಗೆ ಮಾಡಿದೆವು. ಅವನು ಒಂದು ತಿಂದು, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಾವಿಯ ಕಡೆ ಹೋದ. ನೀರು ಸೇದುವವರ ಬಾಯಿ ನೋಡುತ್ತ ಹಗ್ಗ ಎಳೆಯುವ ಗಡಗಡೆಯ ಹತ್ತಿರ ನಿಂತೇ ಇದ್ದನಂತೆ. ಇವನಿಗೆ ಬೇರೆ ಕೆಲಸವಿಲ್ಲವೇ ಎಂದು ಹೆಂಗಸರು ಬೈದರಂತೆ.

ಮಳೆಗಾಲಕ್ಕೆ ಮೊದಲು ನಮ್ಮ ಕಡೆ ಮಾಳಿಗೆಯ ಹಳೆಯ ಮಣ್ಣು ಕೆರೆದು ಹೊಸ ಮಣ್ಣು ಹಾಕುತ್ತಾರೆ. ಆ ವರ್ಷ ಸಭೆಗೆ ಇನ್ನೂ ಹದಿನೆಂಟು ದಿನ ಇರುವಾಗ ನಮ್ಮ ಮಾಳಿಗೆಯ ಕೆಲಸ ಹಿಡಿದೆವು. ಕೂಲಿಗೆ ಬಂದ ಗಾಳೆವ್ವ ಮೇಲೆ ಮಣ್ಣು ಕೆರೆಯುತ್ತಿದ್ದಳು, ಹಿರಿಯ ಸೊಸೆ ರೇಣುಕವ್ವ ಅವಳ ಜೊತೆಗಿದ್ದಳು. ಕಿರಿಯ ಸೊಸೆ ಸಿದ್ದಲಿಂಗವ್ವ ಕೆಳಗಿನಿಂದ ಬುಟ್ಟಿ ಎತ್ತಿಕೊಡುತ್ತಿದ್ದಳು. ರೇಣುಕವ್ವ ನನ್ನ ಅಣ್ಣನ ಮಗಳು, ಇದೇ ಊರವಳು, ತಾಯಿಯಿಲ್ಲದ್ದಕ್ಕೆ ನಮ್ಮ ಮನೆಯಲ್ಲೇ ಬೆಳೆದವಳು. ಸಿದ್ದಲಿಂಗವ್ವ ಹೊಳೆಮಣ್ಣೂರಿನವಳು. ಹೊಳಿಯಪ್ಪನ ಅವ್ವ ಕಳೆ ತೆಗೆದದ್ದು ಇವಳ ಅಪ್ಪನ ಹೊಲದಲ್ಲೇ. ಹೊಳಿಯಪ್ಪ ನಿಚ್ಚಣಿಕೆಯ ಹತ್ತಿರ ಅತ್ತಿಂದಿತ್ತ ತಿರುಗುತ್ತಿದ್ದ.

ಮಣ್ಣಿನಲ್ಲಿ ಅಕ್ಕಿಕಾಳಿನಷ್ಟು ಏನೋ ಸಿಕ್ಕಿತು. ಗಾಳೆವ್ವ ಅದನ್ನು ಸೆರಗಿಗೆ ಒರೆಸಿ ಬಿಸಿಲಿಗೆ ಹಿಡಿದಳು.

"ರೇಣುಕವ್ವಾ, ಹಾಲಹಲ್ಲ ಸಿಕ್ಕೈತಿ ನೋಡ. ಯಾರದಿದು?"

"ನಂದ ಇರಬೇಕು, ತಾ ಇಲ್ಲೆ. ಸಗಣ್ಯಾಗ ಇಟ್ಟು ನಾನ ಒಗದಿದ್ದೆ."

"ನಿನ್ನ ಗಂಡಂದೂ ಇರಬಹುದು. ಇಬ್ಬರ ಹಲ್ಲೂ ಒಂದ ಮಾಳಿಗಿ ಮ್ಯಾಲೆ ಬಿದ್ದಾವು, ಅದಕ್ಕ ಗಂಟ ಬಿದ್ದಿರಿ."

ಕೆಳಗಿನಿಂದ ಸಿದ್ದಲಿಂಗವ್ವ ಅಂದಳು: "ನನ್ನ ಹಲ್ಲು ಹೊಳೆಮಣ್ಣೂರಾಗ ಅದಾವಕ್ಕಾ, ಅಪ್ಪನ ಮಾಳಿಗಿ ಮ್ಯಾಲೆ. ಅದಕ್ಕ ಮುಂದಿನವು ಬೆಳ್ಳಗ ಬಂದಾವು. ನೀ ಈ ಮಾಳಿಗಿಗೆ ಒಗದಿ, ಬೆಲ್ಲ ಆದ್ವು."

"ಬೆಲ್ಲ ಆದ್ರೂ ನಿಮ್ಮ ಭಾವ ಒಲ್ಲೆ ಅನ್ನಲಿಲ್ಲ ತಗೋ," ಎಂದು ರೇಣುಕವ್ವ ಮಣ್ಣಿನ ಹೆಂಟೆ ಅವಳ ಕಡೆ ಎಸೆದಳು.

ಎಲ್ಲರೂ ನಗುತ್ತಿದ್ದೆವು. ಹೊಳಿಯಪ್ಪ ಮಾತ್ರ ನಿಂತುಬಿಟ್ಟಿದ್ದ. ಅವನ ಕೈ ಗುಂಡಿಯ ಮೇಲೆ ಹಾಗೇ ಇತ್ತು. ಓಡಿಹೋಗಿ ಕೋಣೆಯಿಂದ ಎರಡು ಹಾಳೆ ತಂದ, ಒಂದು ರೇಣುಕವ್ವನದು, ಒಂದು ಸಿದ್ದಲಿಂಗವ್ವನದು. ಹುಟ್ಟಿದ ಊರು ಎಂಬ ಕಡೆ ಎರಡರಲ್ಲೂ ನಮ್ಮೂರೇ ಇತ್ತು. ತನ್ನ ಊರಿನ ಮಗಳು, ಚಿಕ್ಕಂದಿನಿಂದ ಕಂಡವಳು, ಅವಳನ್ನೂ ಈ ಊರಲ್ಲಿ ಹುಟ್ಟಿದವಳೆಂದು ಅವನ ಕೈಯೇ ಬರೆದಿತ್ತು.

ಆ ಹೊತ್ತಿನಿಂದ ಅವನಿಗೆ ಹಗಲೆಲ್ಲ ಓಣಿ ತಿರುಗುವುದೇ ಆಯಿತು. ಎಲ್ಲರಿಗೂ ಒಂದೇ ಪ್ರಶ್ನೆ: ನಿಮ್ಮ ಹಾಲುಹಲ್ಲು ಬಿದ್ದಾಗ ಯಾವ ಊರಿನ ಮಾಳಿಗೆಯ ಮೇಲೆ ಒಗೆದಿರಿ? ಬಿಸಿಲಿಗೆ ಮಾಸ್ತರನ ತಲೆ ಕಾದಿದೆ ಎಂದು ಜನ ಅಂದರು. ಆದರೂ ಎಲ್ಲರೂ ಹೇಳಿದರು. ಆ ಪ್ರಶ್ನೆಗೆ ಯಾರೂ ಅಳಲಿಲ್ಲ, ಯಾರೂ ಸಂಶಯ ಪಡಲಿಲ್ಲ. ಖಾಜಾಬಿ ತಾನೇ ಕರೆದು, ತನ್ನದು ಗಜೇಂದ್ರಗಡದಲ್ಲಿ ಎಂದೂ, ಒಗೆದದ್ದು ಮಾಳಿಗೆಗೆ ಮುಟ್ಟದೆ ಕೆಳಗೆ ಬಿದ್ದು ಅಬ್ದುಲಗನಿ ಕಾಕಾನ ಚಹಾದ ಬಟ್ಟಲಿಗೆ ಹೋಯಿತೆಂದೂ ಹೇಳಿ ನಕ್ಕಳು. ಸೊಸೆಗೂ ಹೇಳು ಎಂದು ತಿವಿದಳು.

ಹದಿನೈದು ದಿನಕ್ಕೆ ಲೆಕ್ಕ ಹೊಂದಿತು. ಬೇರೆ ಊರ ಮಾಳಿಗೆಗೆ ಹಲ್ಲು ಒಗೆದ ಸೊಸೆಯಂದಿರು ತೊಂಬತ್ತೊಂದು. ಅವರಲ್ಲಿ ಹಲ್ಲಿಗೆ ಕಲೆ ಇದ್ದವರು ಆರು ಜನ. ನಮ್ಮೂರ ಮಾಳಿಗೆಗೆ ಒಗೆದವರಲ್ಲಿ ಕಲೆ ಇಲ್ಲದವರು ಹುಡುಕಿದರೂ ನಾಲ್ಕು. ಹಾಲುಹಲ್ಲು ಬೀಳುವುದರೊಳಗೆ ಕುಡಿದ ನೀರೇ ಮುಂದಿನ ಹಲ್ಲು ಮಾಡುತ್ತದೆ, ದೋಷ ಬಾವಿಯದೇ ಎಂದು ಅವನು ಹೇಳಿದ. ಹೇಳಿದವನ ಮುಖದಲ್ಲಿ ಸಂತೋಷ ಇರಲಿಲ್ಲ. ಹಿರಿಯರು ಬರೆದ ಲೇಖನ ಸುಳ್ಳಾಗುತ್ತಿತ್ತು, ಸುಳ್ಳು ಮಾಡಿದವನು ತಾನು. ಯಾಕೆ ತಪ್ಪಾಯಿತು ಎಂದು ಕೇಳಿದರೆ, ಕೇಳದೆಯೇ ಬರೆದೆ ಎಂದು ಹೇಳಬೇಕು. ಕೇಳದೆ ಬರೆದವನನ್ನು ಯಾರು ಸದಸ್ಯ ಮಾಡಿಕೊಳ್ಳುತ್ತಾರೆ?

ಹೊರಡುವ ಹಿಂದಿನ ಸಂಜೆ ಅವನು ಅಂಗಳದಲ್ಲಿ ಎಷ್ಟು ಸುತ್ತು ಹಾಕಿದನೋ. ದನಗಳೂ ಮೇವು ಬಿಟ್ಟು ಅವನನ್ನೇ ನೋಡುತ್ತಿದ್ದವು. ನಮ್ಮ ಮನೆಯವರು ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ಕರೆದರು.

"ಹೊಳಿಯಪ್ಪಾ, ಖರೇ ಹೇಳಬ್ಯಾಡ ಅನ್ನೂದಿಲ್ಲ ನಾ. ಮೊದಲ ಕುರ್ಚಿ ಮ್ಯಾಲ ಕುಂಡ್ರು, ಆಮ್ಯಾಲ ಹೇಳು. ಆಗ ನಿನ್ನ ಮಾತಿಗೆ ತೂಕ ಬರತೈತಿ."

"ಕುಂತ ಮ್ಯಾಲ ಏಳಾಕ ಆಗೂದಿಲ್ರಿ ಯಜಮಾನ್ರ. ಇವತ್ತ ಹೇಳಾಕ ಆಗವಲ್ದು, ಕುಂತ ಮ್ಯಾಲ ಹ್ಯಾಂಗ ಆದೀತು?"

"ನಿಮ್ಮವ್ವಗ ಏನ ಹೇಳ್ತಿ?"

ಅವನು ಮತ್ತೆ ಅಂಗಳದ ಸುತ್ತು ಹಿಡಿದ. ಬೆಳಿಗ್ಗೆ ಹಾಳೆಗಳ ಗಂಟು ಕಟ್ಟಿಕೊಂಡು ಗದಗಿನ ಬಸ್ಸಿಗೆ ಹೋದ.

ಸಭೆಯಲ್ಲಿ ಆದದ್ದನ್ನು ಆಮೇಲೆ ಅವನೇ ನಾಲ್ಕು ಸಲ ಹೇಳಿದ, ಪ್ರತಿ ಸಲವೂ ಒಂದೇ ರೀತಿ. ಉದ್ದ ಮೇಜಿನ ಸುತ್ತ ಏಳು ಜನ, ಎಂಟನೆಯ ಕುರ್ಚಿ ಖಾಲಿ. ಹಿರಿಯರು ಲೇಖನ ಓದಿ ಮುಗಿಸಿ, ಇವನಿಗೆ ಕೂಡಲು ಕೈ ಮಾಡಿದರಂತೆ. ಇವನು ಕೂಡಲಿಲ್ಲ. ಲೇಖನ ತಪ್ಪು, ತಪ್ಪಿಗೆ ಕಾರಣ ನಾನು ಎಂದು ನಿಂತಲ್ಲಿಂದಲೇ ಎಲ್ಲ ಹೇಳಿದ. ಹಾಲುಹಲ್ಲು, ಮಾಳಿಗೆ ಎಂದಾಗ ಇಬ್ಬರು ನಕ್ಕರು. ಹುಟ್ಟಿದ ಊರನ್ನೇ ಈಗ ಸರಿಯಾಗಿ ಕೇಳಿ ಬರೆದರೆ ಆಗುವುದಿಲ್ಲವೇ ಎಂದು ಒಬ್ಬರು ಕೇಳಿದರು. ಅದನ್ನು ಕೇಳಿದರೂ ತಪ್ಪೇ ಆಗುತ್ತದೆ, ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ, ಕೂಸು ಅಜ್ಜಿಯ ಊರಲ್ಲಿ ಹುಟ್ಟುತ್ತದೆ, ಐದನೆಯ ತಿಂಗಳಿಗೆ ಅಪ್ಪನ ಊರಿಗೆ ಬಂದು ಅಲ್ಲಿಯ ನೀರು ಕುಡಿದು ಬೆಳೆಯುತ್ತದೆ ಎಂದು ಇವನು ಹೇಳಿದ. ಆಗ ನಗು ನಿಂತಿತು. ತುದಿಯಲ್ಲಿ ಕುಳಿತಿದ್ದ ನರಗುಂದದ ಕಡೆಯ ಒಬ್ಬ ಮುದುಕ ಪ್ರೊಫೆಸರರು, ನನ್ನದು ಅಜ್ಜನ ಮಾಳಿಗೆಯ ಮೇಲೆ, ಬೆಳಕಿಂಡಿಯ ಪಕ್ಕಕ್ಕೆ ಬಿತ್ತು ಎಂದರಂತೆ. ಅವರ ಮಗ್ಗುಲಿನವರೂ ತಮ್ಮದು ಹೇಳಿದರು. ಸುತ್ತಿ ಬರುವಷ್ಟರಲ್ಲಿ ಏಳು ಜನರಲ್ಲಿ ಆರು ಜನ ಹೇಳಿದ್ದರು.

ಹಿರಿಯರು ಹೇಳಲಿಲ್ಲ. ಲೇಖನವನ್ನು ಮಡಿಚಿ ಚೀಲದೊಳಗೆ ಇಟ್ಟುಕೊಂಡು ಇಷ್ಟೇ ಅಂದರಂತೆ: ಪ್ರಶ್ನೆ ಚೆನ್ನಾಗಿದೆ, ಇನ್ನು ಮುಂದೆ ಹಾಳೆಯಲ್ಲಿ ಅದನ್ನೇ ಅಚ್ಚು ಹಾಕಿಸೋಣ. ಆದರೆ ಕೇಳದೆ ಬರೆದವನನ್ನು ಇವತ್ತು ಸದಸ್ಯ ಮಾಡಿದರೆ, ನಾಳೆ ಈ ಕೇಂದ್ರದ ಯಾವ ಹಾಳೆಯನ್ನು ನಂಬುವುದು? ಆ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಂಡರು. ಹೊಳಿಯಪ್ಪ ಸಹಾಯಕನಾಗಿಯೇ ಉಳಿದು ಇನ್ನೂ ಹತ್ತು ಊರುಗಳಲ್ಲಿ ಹೊಸದಾಗಿ ಕೇಳಿ ಬರಬೇಕು ಎಂದಾಯಿತು. ಸದಸ್ಯತ್ವ ಅವನಿಗೆ ಬಂದದ್ದು ಎರಡು ವರ್ಷದ ಮೇಲೆ. ಆದರೆ ಆ ಜೂನಿನಲ್ಲಿ ಅದು ಯಾರಿಗೆ ಗೊತ್ತಿತ್ತು? ಹಿರಿಯರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿಲ್ಲ, ಅದೇ ನನ್ನನ್ನು ಸುಡುತ್ತದೆ ಎಂದು ಅವನು ಹೇಳುತ್ತಿದ್ದ.

ಅವನು ತಿರುಗಿ ಬಂದ ದಿನ ಮೊದಲ ಮಳೆ ಬಿದ್ದಿತ್ತು. ಊರವರು ಮೆಂಬರ್ ಸೋತ ಎಂದರು. ಹಾಲಸಿದ್ದಪ್ಪ ಬಂದು, ಮುಂದಿನ ಸಲ ನೋಡೋಣ, ಧೈರ್ಯ ಬಿಡಬೇಡ ಎಂದು ಸಮಾಧಾನ ಮಾಡಿ ಹೋದ. ರೇಣುಕವ್ವ ಮಾತ್ರ ಅದರ ಸುದ್ದಿಯನ್ನೇ ತೆಗೆಯಲಿಲ್ಲ. ಅವಳ ಮಗಳು ನೀಲವ್ವನಿಗೆ ಆಗ ಮೂರು ವರ್ಷ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಹಿಂದೆ ಸಿದ್ದಲಿಂಗವ್ವ, ಅವಳ ಹಿಂದೆ ನಾನು.

"ಮಾಸ್ತರ, ಇದರ ಹಾಲಹಲ್ಲ ಬೀಳಾಕ ಇನ್ನ ಮೂರ ವರ್ಷ ಐತಿ. ಅಲ್ಲೀತನಕ ಬ್ಯಾರೆ ನೀರ ಕುಡದ್ರ ಮುಂದಿನ ಹಲ್ಲ ಬೆಳ್ಳಗ ಬರತಾವೇನು?"

ಅವನು ಗೋಡೆಗೆ ಆತು ನಿಂತ. ಬರಬಹುದು ಎಂದ. ಇನ್ನೂ ಹತ್ತು ಊರು ನೋಡಬೇಕು, ಖಾತ್ರಿಯಾಗಿ ಹೇಳಲು ಬರುವುದಿಲ್ಲ ಎಂದ. ಸಿದ್ದಲಿಂಗವ್ವ ಮುಂದೆ ಬಂದು, ಕೂಸನ್ನು ನನ್ನ ತವರಿಗೆ ಕಳಿಸು ಅಕ್ಕಾ, ನಮ್ಮವ್ವ ಇದ್ದಾಳೆ, ಹೊಳೆಯ ನೀರು ಕುಡಿದು ಬೆಳೆಯಲಿ ಎಂದಳು. ಹೊಳಿಯಪ್ಪ ಗಾಬರಿಯಾದ.

"ಈಗ ಬ್ಯಾಡ್ರಿ. ಮಳಿಗಾಲ. ಹೊಳಿ ಬಂದ್ರ ನಮ್ಮೂರ ಹ್ಯಾಂಗಿರತೈತಿ ಅನ್ನೂದು ನನಗ ಗೊತ್ತೈತಿ. ನನ್ನ ಮಾತ ಕೇಳಿ ಕೂಸನ್ನ ಕಳಸಬ್ಯಾಡ್ರಿ. ನನಗ ಇನ್ನೂ ಖಾತ್ರಿ ಇಲ್ಲ."

ರೇಣುಕವ್ವ ಅವನನ್ನು ಒಂದು ಗಳಿಗೆ ನೋಡಿದಳು. ಬಾಯಿಗೆ ಸೆರಗು ಹಿಡಿದು ಮಾತಾಡುವುದು ಅವಳ ರೂಢಿ. ಅವತ್ತು ಹಿಡಿಯಲಿಲ್ಲ.

"ಖಾತ್ರಿ ಇಲ್ಲದ್ದಕ್ಕ ಕುರ್ಚಿ ಬಿಟ್ಟು ಬಂದ್ರೇನು ನೀವು?"

ಅವನ ಕೈ ಅಂಗಿಯ ಗುಂಡಿಗೆ ಹೋಯಿತು. ಮಗು ಅವನ ಬಾಟ್ಲಿಗೆ ಕೈ ಚಾಚಿತು, ಅವನು ಒಂದನ್ನು ಕೊಟ್ಟ.

ಮೂರನೆಯ ದಿನ ಚಕ್ಕಡಿ ಹೂಡಿದರು. ಮನೆಯವರು ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಸಿದ್ದಲಿಂಗವ್ವ ನೀಲವ್ವನನ್ನು ತೊಡೆಯ ಮೇಲೆ ಕೂರಿಸಿಕೊಂಡಳು, ರೇಣುಕವ್ವ ಊರ ಅಗಸೆಬಾಗಿಲವರೆಗೂ ಬರದೆ ಹೊಸ್ತಿಲಲ್ಲೇ ನಿಂತಳು. ಹೊಳಿಯಪ್ಪ ಚಕ್ಕಡಿಯ ಹಿಂದೆ ಹೊರಟ. ಎಲ್ಲಿಯವರೆಗೆ ಎಂದು ಕೇಳಿದೆ. ಹೊಳೆಯ ನೀರು ಎಷ್ಟಿದೆ ನೋಡಿ ಬರುತ್ತೇನೆ ಅವ್ವಾರ ಎಂದ. ಆ ಮಳೆಗಾಲವೆಲ್ಲ ಅವನು ಹತ್ತು ಊರಿನ ಕೆಲಸ ಮಾಡಿದ್ದು ಹೊಳೆಮಣ್ಣೂರಿನಲ್ಲಿ ಅವ್ವನ ಗುಡಿಸಲಿನಲ್ಲಿದ್ದುಕೊಂಡೇ. ದಿನಾ ಬೆಳಿಗ್ಗೆ ಮೊದಲು ಹೊಳೆಯ ದಂಡೆಗೆ ಹೋಗಿ ನೀರು ನೋಡುತ್ತಿದ್ದನಂತೆ, ಆಮೇಲೆ ಸಿದ್ದಲಿಂಗವ್ವನ ಅಪ್ಪನ ಮನೆಯ ಮುಂದೆ ಹಾಯ್ದು, ನೀಲವ್ವ ಅಂಗಳದಲ್ಲಿ ಆಡುತ್ತಿರುವುದನ್ನು ಕಂಡು, ಊರುಗಳ ಕಡೆ ಹೋಗುತ್ತಿದ್ದನಂತೆ.